ಒಕ್ಕಲು ಬಿಟ್ಟುಹೋದ ಕಣಿವೆ

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಸಿಯೆನಾ ನಗರದಿಂದ ರೋಮಿನ ಕಡೆಗೆ ಹೋಗುವ ಹಳೆಯ ಕಾಸಿಯಾ ರಸ್ತೆಯ ಎರಡೂ ಬದಿಗೆ ಓರ್ಚಾ ಕಣಿವೆ ಹರಡಿಕೊಂಡಿದೆ. ಅಲ್ಲಿ ಸುತ್ತಿ ಬಂದವರಿಗೆ, ಊರಿಗೆ ಮರಳಿದ ಮೇಲೂ ಬಿಡದೆ ಕಾಡುವುದು ಅಲ್ಲಿಯ ನಿರ್ಜನತೆ. ಅಲೆಯ ಮೇಲೆ ಅಲೆ ಬಂದಂತೆ ಗೋಧಿ ಹೊಲ, ದಿಬ್ಬದ ನೆತ್ತಿಯಲ್ಲಿ ಒಂದೇ ಒಂದು ಕಲ್ಲಿನ ಮನೆ, ಅಲ್ಲಿಯವರೆಗೂ ಸಾಲುಗಟ್ಟಿ ನಿಂತ ಸೈಪ್ರೆಸ್ ಮರಗಳು. ಮನುಷ್ಯರು ಮಾತ್ರ ಕಾಣುವುದಿಲ್ಲ. ಇದು ಪ್ರಕೃತಿ ಕೊಟ್ಟ ಸೊಬಗು, ಶತಮಾನಗಳಿಂದ ಹೀಗೇ ಇದೆ ಎಂಬ ಧಾಟಿಯಲ್ಲಿ ಕ್ಯಾಲೆಂಡರುಗಳೂ ಪ್ರವಾಸಿ ಕೈಪಿಡಿಗಳೂ ಮಾತಾಡುತ್ತವೆ. ಎರಡೂ ನಿಜವಲ್ಲ ಎಂಬುದು ನನ್ನ ವಾದ. ಈ ಚೆಲುವು ಕೈಯಾರೆ ಮಾಡಿದ್ದು. ಅದರಲ್ಲಿ ನಮ್ಮನ್ನು ಹೆಚ್ಚು ಸೆಳೆಯುವ ಭಾಗ ತೀರಾ ಇತ್ತೀಚಿನದು. ಮತ್ತು ಅದು ಹೀಗೆ ಖಾಲಿಯಾಗಿ, ನುಣುಪಾಗಿ ಕಾಣುತ್ತಿರುವುದು ಅದನ್ನು ಮಾಡಿದವರು ಎದ್ದು ಹೋದದ್ದರಿಂದ. ಇದನ್ನು ಕಾಣದೆ ನೋಡಿದರೆ ನೋಟ ಅರೆಯಾಗುತ್ತದೆ, ಅಷ್ಟೇ ಅಲ್ಲ, ಅಲ್ಲಿ ಏನನ್ನು ಉಳಿಸಬೇಕು ಎಂಬ ತೀರ್ಮಾನವೂ ತಪ್ಪುತ್ತದೆ.

ಸಾಕ್ಷಿ ಸಿಯೆನಾದಲ್ಲೇ ಸಿಗುತ್ತದೆ. ಅಲ್ಲಿಯ ಪಲಾಜ್ಜೊ ಪುಬ್ಲಿಕೊದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ ನಗರವನ್ನಾಳುತ್ತಿದ್ದ ಒಂಬತ್ತು ಮಂದಿಯ ಮಂಡಳಿ ಕೂರುತ್ತಿದ್ದ ಕೋಣೆಯ ಗೋಡೆಗಳ ಮೇಲೆ, ಅಂಬ್ರೋಜೊ ಲೊರೆನ್‌ಜೆತ್ತಿ 1338–39ರಲ್ಲಿ ಬರೆದ ಭಿತ್ತಿಚಿತ್ರಗಳಿವೆ. ಆಳ್ವಿಕೆ ಒಳ್ಳೆಯದಾದರೆ ನಾಡಿಗೆ ಏನಾಗುತ್ತದೆ, ಕೆಟ್ಟದಾದರೆ ಏನಾಗುತ್ತದೆ ಎಂಬುದು ವಸ್ತು. ಒಳ್ಳೆಯ ಆಳ್ವಿಕೆಯ ಗೋಡೆಯಲ್ಲಿ ಕೋಟೆಯ ಬಾಗಿಲು ದಾಟಿದರೆ ಹಳ್ಳಿಗಾಡು ತೆರೆದುಕೊಳ್ಳುತ್ತದೆ. ಡೇಗೆ ಹಿಡಿದು ಕುದುರೆಯೇರಿ ಹೊರಟ ಸಿರಿವಂತರು ಇಳಿಯುತ್ತಿದ್ದರೆ, ಎದುರಿನಿಂದ ಒಬ್ಬ ರೈತ ಹಂದಿಯನ್ನು ಹೊಡೆದುಕೊಂಡು ನಗರದ ಸಂತೆಗೆ ಏರಿ ಬರುತ್ತಿದ್ದಾನೆ. ಆ ಹಂದಿಯ ಕಪ್ಪು ಮೈಗೆ ಹೆಗಲ ಹತ್ತಿರ ಬಿಳಿಯ ಪಟ್ಟಿ. ಅದೇ ತಳಿ ಇಂದಿಗೂ ಸಿಯೆನಾದ ಸುತ್ತ ಸಾಕಣೆಯಲ್ಲಿದೆ. ಹೇರು ಹೊತ್ತ ಪ್ರಾಣಿಗಳ ಸಾಲು, ಕಣದಲ್ಲಿ ಕೋಲಿನಿಂದ ತೆನೆ ಬಡಿಯುವವರು, ಉಳುವವರು, ಕೊಯ್ಯುವವರು. ಬಿತ್ತನೆಯೂ ಕೊಯ್ಲೂ ಒಂದೇ ದಿನ ನಡೆದಂತೆ ಎಲ್ಲ ಋತುಗಳೂ ಒಟ್ಟಿಗೇ ಬಂದಿವೆ. ಬಿಡುವಾಗಿ ಬಿದ್ದ ನೆಲವನ್ನು ಆ ಗೋಡೆಯಲ್ಲಿ ಹುಡುಕಬೇಕು. ಕಣಿವೆಯನ್ನು 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಯುನೆಸ್ಕೊ ಮುಂದಿಟ್ಟ ಕಾರಣಗಳಲ್ಲಿ ಒಂದು, ಸಿಯೆನಾದ ಚಿತ್ರಕಾರರು ಕೊಂಡಾಡಿದ, ಒಳ್ಳೆಯ ಆಳ್ವಿಕೆಯ ಆದರ್ಶ ನೆಲದ ಮೇಲೆಯೇ ಮೂಡಿದ ಭೂದೃಶ್ಯ ಇದು ಎಂಬುದು. ಜನ ಕಿಕ್ಕಿರಿದ ಚಿತ್ರದ ಹೆಸರಿನಲ್ಲಿ ಜನರಿಲ್ಲದ ನೋಟಕ್ಕೆ ಮನ್ನಣೆ ಸಿಕ್ಕಿತು. ಹಾಗೆಂದು ಲೊರೆನ್‌ಜೆತ್ತಿಯ ಚಿತ್ರವನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಅದು ಆಳುವವರು ದುಡ್ಡು ಕೊಟ್ಟು ಬರೆಸಿದ್ದು. ಹೊಲಗಳ ಮೇಲೆ ರೆಕ್ಕೆ ಬಿಚ್ಚಿ ತೇಲುವ ಭದ್ರತೆಯ ದೇವಿಯ ಒಂದು ಕೈಯಲ್ಲಿ ಅಭಯದ ಓಲೆ ಇದ್ದರೆ, ಇನ್ನೊಂದರಲ್ಲಿ ಹೆಣ ತೂಗುವ ನೇಣುಗಂಬವಿದೆ. ಹಳ್ಳಿಗಾಡಿನ ನೆಲ ನಗರದ ಹಣವಂತರ ಕೈಸೇರುತ್ತಿದ್ದ ಕಾಲವೂ ಅದೇ.

ಸಿಯೆನಾದಿಂದ ದಕ್ಷಿಣಕ್ಕೆ ಇಳಿದರೆ ಮೊದಲು ಸಿಗುವುದು ಕ್ರೇತೆ ಎಂಬ ಜೇಡಿಮಣ್ಣಿನ ಸೀಮೆ. ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದ ನೆಲ ಅದು. ಮಳೆಗೆ ಅಂಟು, ಬಿಸಿಲಿಗೆ ಕಲ್ಲು. ಎರೆ ಸೀಮೆಯಲ್ಲಿ ನಡೆದವರಿಗೆ ಇದರ ಗುಣ ಹೇಳಬೇಕಾಗಿಲ್ಲ. ಬೇಸಿಗೆಯ ಕೊಯ್ಲು ಮುಗಿದು ಟ್ರ್ಯಾಕ್ಟರ್ ಹಾಯ್ದ ಮೇಲೆ ಬೆಟ್ಟದ ಬೆಟ್ಟವೇ ಬೂದು ಬಣ್ಣದ ಹೆಂಟೆಗಳಾಗಿ ಮಗುಚಿ ಬಿದ್ದಿರುತ್ತದೆ. ಒಂದೊಂದು ಹೆಂಟೆಯನ್ನು ಎರಡು ಕೈಯಲ್ಲಿ ಎತ್ತಬೇಕು. ಇಲ್ಲಿ ಹಿಂದೆ ಉಪ್ಪು ಉಕ್ಕಿ ಬಿಳಿಚಿಕೊಂಡ ಗುಮ್ಮಟದಂಥ ಮಣ್ಣುದಿಬ್ಬಗಳು ಎಲ್ಲೆಂದರಲ್ಲಿ ಇದ್ದವು. ಅಲ್ಲಿ ಕುರಿಗೂ ಸರಿಯಾಗಿ ಮೇವಿಲ್ಲ. ಮುಸೊಲಿನಿಯ ಕಾಲದ ನೆಲ ಸುಧಾರಣೆಯ ಯೋಜನೆಗಳಲ್ಲಿ ಅವುಗಳಲ್ಲಿ ಎಷ್ಟನ್ನೋ ಸವರಿ ಹೊಲ ಮಾಡಿದರು. ಯುದ್ಧದ ನಂತರ ಬಂದ ದೊಡ್ಡ ಯಂತ್ರಗಳು ಉಳಿದದ್ದರಲ್ಲೂ ಬಹುಪಾಲನ್ನು ಮಟ್ಟ ಮಾಡಿದವು. ಬದು ಹೋಯಿತು, ಬೇಲಿ ಹೋಯಿತು, ಹೊಲಗಳು ಒಂದಕ್ಕೊಂದು ಕೂಡಿಕೊಂಡವು. ಆಮೇಲೆ ಪಾಸ್ತಾದ ಗೋಧಿಗೆ ಐರೋಪ್ಯ ಒಕ್ಕೂಟದ ಸಹಾಯಧನ ಬಂತು, ಎಲ್ಲೆಲ್ಲೂ ಅದೇ ಬೆಳೆಯಾಯಿತು. ಫೋಟೊಗಳಲ್ಲಿ ಮಖಮಲ್ಲಿನಂತೆ ಕಾಣುವ ಆ ನುಣುಪು ಟ್ರ್ಯಾಕ್ಟರಿನದೂ ಸಹಾಯಧನದ್ದೂ ಕೆಲಸ. ಅದರ ವಯಸ್ಸು ಒಬ್ಬ ಅಜ್ಜನ ವಯಸ್ಸಿಗಿಂತ ಹೆಚ್ಚಿಲ್ಲ.

ದಿಬ್ಬಕ್ಕೊಂದು ಮನೆ ಏಕೆ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಹಳೆಯದು. ನಮ್ಮ ಹಳ್ಳಿಗಳಲ್ಲಿ ಜನ ಒತ್ತಾಗಿ ಒಂದೆಡೆ ಇದ್ದು ಹೊಲಕ್ಕೆ ನಡೆದು ಹೋಗುತ್ತಾರೆ. ಟಸ್ಕನಿಯಲ್ಲಿ ಧಣಿ ತನ್ನ ಜಮೀನನ್ನು ಒಂದೊಂದು ಸಂಸಾರದ ಕೈಗೆ ನಿಲುಕುವಷ್ಟು ತುಂಡು ಮಾಡಿ, ಪ್ರತಿ ತುಂಡಿನ ಮೇಲೆ ಒಂದು ಮನೆ ಕಟ್ಟಿಸಿ, ಒಕ್ಕಲನ್ನು ಅಲ್ಲೇ ಕೂರಿಸಿದ. ಮೆಝಾದ್ರಿಯಾ ಎಂಬ ಈ ಏರ್ಪಾಡು ಮಧ್ಯಯುಗದಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ನಡೆಯಿತು. ನಮ್ಮಲ್ಲಿ ಕೋರಿಗೆ ಮಾಡುವುದು, ವಾರಕ್ಕೆ ಮಾಡುವುದು ಎಂದು ಸೀಮೆಗೊಂದು ಹೆಸರಿರುವ ಪಾಲುಗಾರಿಕೆಯೇ ಅದು: ನೆಲ ಅವನದು, ಬೆವರು ಇವನದು, ಬೆಳೆ ಅರ್ಧರ್ಧ. ಕಣದಲ್ಲಿ ರಾಶಿ ಅಳೆಯುವಾಗ ಧಣಿಯ ಪರವಾಗಿ ಪಾರುಪತ್ಯಗಾರ ಬಂದು ನಿಲ್ಲುತ್ತಿದ್ದ. ಸಾಲ, ಬೀಜ, ದನ ಎಲ್ಲದರ ಲೆಕ್ಕವೂ ಒಂದು ಪುಸ್ತಕಕ್ಕೆ ಏರುತ್ತಿತ್ತು. ಹಬ್ಬ ಬಂದರೆ ಕೋಳಿ ಮೊಟ್ಟೆಗಳ ಕಾಣಿಕೆ ಬೇರೆ. ಮನೆಯಲ್ಲಿ ಎಷ್ಟು ದುಡಿಯುವ ಕೈಗಳಿವೆ ಎಂಬುದು ಧಣಿಗೆ ಮುಖ್ಯವಾದ್ದರಿಂದ ಒಕ್ಕಲಿನ ಮಗನ ಮದುವೆಗೂ ಅವನ ಒಪ್ಪಿಗೆ ಬೇಕಿತ್ತು. ಈಗ ಈಜುಕೊಳ, ಲ್ಯಾವೆಂಡರ್ ಗಿಡಗಳೊಡನೆ ವಾರದ ಬಾಡಿಗೆಗೆ ಸಿಗುವ ಕಲ್ಲುಮನೆಗಳನ್ನು ಒಳಹೊಕ್ಕು ನೋಡಿದರೆ ಹಳೆಯ ಗುರುತು ಪೂರ್ತಿ ಅಳಿಸಿರುವುದಿಲ್ಲ. ಹೊರಗಿನಿಂದ ಹತ್ತುವ ಮೆಟ್ಟಿಲು, ಮೇಲೆ ದೊಡ್ಡ ಒಲೆಯ ಅಡುಗೆಮನೆ, ಕೆಳಗೆ ಬಾಗು ಚಾವಣಿಯ ಉದ್ದನೆಯ ಕೋಣೆ. ಇವತ್ತು ಅತಿಥಿಗಳಿಗೆ ದ್ರಾಕ್ಷಾರಸ ಬಡಿಸುವ ಆ ಕೆಳಗಿನ ಕೋಣೆ ಎತ್ತುಗಳ ಕೊಟ್ಟಿಗೆಯಾಗಿತ್ತು.

ಒಂದು ಸಂಸಾರ ಒಂದೇ ತುಂಡು ನೆಲದಲ್ಲಿ ತನಗೂ ಧಣಿಗೂ ಬೇಕಾದ್ದೆಲ್ಲವನ್ನೂ ಬೆಳೆಯಬೇಕಾಗಿತ್ತು. ಹಾಗಾಗಿ ಗೋಧಿಯ ಪಟ್ಟೆಗಳ ನಡುವೆ ಮೇಪಲ್ ಮರದ ಸಾಲು, ಆ ಮರಕ್ಕೆ ಹಬ್ಬಿಸಿದ ದ್ರಾಕ್ಷಿ ಬಳ್ಳಿ, ಅಂಚಿಗೆ ಆಲಿವ್. ಮರದ ಸೊಪ್ಪು ದನಕ್ಕೆ ಮೇವು. ಎಮಿಲಿಯೊ ಸೆರೇನಿ ಇಟಲಿಯ ಕೃಷಿ ಭೂದೃಶ್ಯದ ಚರಿತ್ರೆಯನ್ನು 1961ರಲ್ಲಿ ಪ್ರಕಟಿಸಿದಾಗ, ನೆಲದ ರೂಪವನ್ನು ಒಡೆತನದ, ದುಡಿಮೆಯ ದಾಖಲೆಯಾಗಿ ಓದುವ ದಾರಿಯನ್ನು ತೋರಿಸಿಕೊಟ್ಟ. ಆ ಕಣ್ಣಿನಿಂದ ನೋಡಿದರೆ ತಟ್ಟೆಯ ಮೇಲಿನ ಊಟವೂ ದಾಖಲೆಯೇ. ಈ ಸೀಮೆಯ ಹೆಸರಾಂತ ಪೀಚಿ ಎಂಬ ಪಾಸ್ತಾವನ್ನೇ ತೆಗೆದುಕೊಳ್ಳಿ. ಹಿಟ್ಟು, ನೀರು, ತುಸು ಎಣ್ಣೆ, ಮೊಟ್ಟೆ ಇಲ್ಲ. ನಾದಿ ನೆನೆಯಲು ಬಿಟ್ಟ ಕಣಕವನ್ನು ಲಟ್ಟಿಸಿ, ಪಟ್ಟಿಗಳಾಗಿ ಕೊಯ್ದು, ದೀಪದ ಬತ್ತಿ ಹೊಸೆದಂತೆ ಒಂದೊಂದನ್ನೇ ಮಣೆಯ ಮೇಲೆ ಅಂಗೈಯಿಂದ ಹೊಸೆಯುತ್ತಾ ಮೊಳದುದ್ದ ಎಳೆಯುತ್ತಾರೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬೇಯಿಸಿದರೆ ಅಗಿಯಲು ಕೆಲಸವಿರುತ್ತದೆ. ಮೇಲೆ ಉದುರಿಸುವುದು ಒಣಗಿದ ಬ್ರೆಡ್ಡಿನ ಪುಡಿಯನ್ನು ಎಣ್ಣೆಯಲ್ಲಿ ಹುರಿದದ್ದು, ಇಲ್ಲವೇ ಬೆಳ್ಳುಳ್ಳಿ ಹಾಕಿ ಕುದಿಸಿದ ಟೊಮೆಟೊ. ಮೊಟ್ಟೆ ಕಾಣಿಕೆಗೂ ಸಂತೆಗೂ ಹೋಗುತ್ತಿದ್ದ, ಚೀಸ್ ಕೈಗೆಟುಕದ ಮನೆಯ ಅಡುಗೆ ಇದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಪಕ್ಕದಲ್ಲಿ ಬರುವ ಬ್ರೆಡ್ಡಿಗೆ ಉಪ್ಪೂ ಇಲ್ಲ. (ನಮ್ಮ ನಾಲಿಗೆಗೆ ಅದು ಕೊನೆಯವರೆಗೂ ಒಗ್ಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದೇ ಮೇಲು.)

ಆ ಒಕ್ಕಲುಗಳು ಎದ್ದು ಹೋದದ್ದು 1950 ಮತ್ತು 60ರ ದಶಕಗಳಲ್ಲಿ. ಯುದ್ಧ ಮುಗಿದಾಗ ಕಣದ ಪಾಲಿಗಾಗಿ ದೊಡ್ಡ ಹೋರಾಟವೇ ನಡೆದು, 1947ರ ಹೊತ್ತಿಗೆ ಒಕ್ಕಲಿನ ಪಾಲು ನೂರಕ್ಕೆ ಐವತ್ತರಿಂದ ಐವತ್ತಮೂರಕ್ಕೆ ಏರಿತು. ಮೂರು ಪಾಲಿಗಾಗಿ ಅಷ್ಟು ಬಡಿದಾಡಿದವರ ಮಕ್ಕಳು ಕಾರ್ಖಾನೆಯ ಸಂಬಳ, ನಲ್ಲಿ ನೀರು, ವಿದ್ಯುತ್ ದೀಪ ಇರುವ ಊರುಗಳತ್ತ ನಡೆದುಬಿಟ್ಟರು. ಹೊಸ ಮೆಝಾದ್ರಿಯಾ ಕರಾರುಗಳನ್ನು ನಿಷೇಧಿಸುವ ಕಾನೂನು 1964ರಲ್ಲಿ ಬಂತು, ಉಳಿದವನ್ನು ಗೇಣಿಯಾಗಿ ಬದಲಾಯಿಸುವುದು 1982ರಲ್ಲಿ. ಅಷ್ಟರಲ್ಲಿ ಮನೆಗಳ ಸೂರು ಕುಸಿಯತೊಡಗಿತ್ತು. ಇಲ್ಲಿ ಕರ್ನಾಟಕದ ನೆನಪು ಬರುವುದು ಸಹಜ. 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ ಗೇಣಿದಾರರು ನಮೂನೆ 7ರ ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತರು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಎಷ್ಟೋ ಮನೆಗಳು ಉಳುತ್ತಿದ್ದ ನೆಲಕ್ಕೆ ಒಡೆಯರಾದವು. ಕೂಲಿಯವರಿಗೆ ಅದರಿಂದ ಸಿಕ್ಕಿದ್ದು ಕಡಿಮೆ, ಆ ಮನೆಗಳ ಮಕ್ಕಳೂ ಆಮೇಲೆ ಮುಂಬೈಗೆ, ಬೆಂಗಳೂರಿಗೆ ಹೋದರು, ಎಲ್ಲ ನಿಜ. ಆದರೂ ಹಿಡಿದುಕೊಳ್ಳಲು ನೆಲ ಇದ್ದಾಗ ಕಾನೂನು ಬಂದದ್ದಕ್ಕೂ, ಹಿಡಿಯುವ ಕೈಗಳೇ ಹೋದ ಮೇಲೆ ಬಂದದ್ದಕ್ಕೂ ಇರುವ ಅಂತರವನ್ನು ನೋಡಬೇಕಾದರೆ ಓರ್ಚಾದ ದಿಬ್ಬಗಳ ಮೇಲೆ ಕಣ್ಣಾಡಿಸಬಹುದು. ಅಲ್ಲಿ ಮನೆಗಳು ಸಾಲಾಗಿ ಮಾರಾಟಕ್ಕೆ ಬಂದವು. ಕೊಂಡವರು ರೋಮಿನವರು, ಮಿಲಾನಿನವರು, ಜರ್ಮನ್ನರು, ಇಂಗ್ಲಿಷರು.

ಮೊದಲ ಆಕ್ಷೇಪ ಇಲ್ಲೇ ಏಳುತ್ತದೆ: ಆ ಬದುಕು ಅಷ್ಟು ಕಷ್ಟದ್ದಾಗಿದ್ದರೆ ಹೋದದ್ದೇ ಒಳ್ಳೆಯದಾಯಿತಲ್ಲ, ಅದಕ್ಕೇಕೆ ಹಲುಬಬೇಕು? ಹಲುಬಬೇಕಿಲ್ಲ. ಮೆಝಾದ್ರಿಯಾ ಮರಳಿ ಬರಲಿ ಎಂದು ಅಲ್ಲಿ ಬುದ್ಧಿ ನೆಟ್ಟಗಿರುವ ಯಾರೂ ಹೇಳುವುದಿಲ್ಲ. ಪ್ರವಾಸಿಗರು, ದ್ರಾಕ್ಷಾರಸ ಇವೇ ತಾನೆ ಕಣಿವೆಯನ್ನು ಉಳಿಸಿದ್ದು ಎಂಬ ಎರಡನೆಯ ಮಾತಿನಲ್ಲೂ ಸತ್ಯಾಂಶವಿದೆ. ಮೊಂತಾಲ್ಚಿನೊ ಅದಕ್ಕೆ ಒಳ್ಳೆಯ ಸಾಕ್ಷಿ. ಬೆಟ್ಟದ ಮೇಲಿನ ಆ ಕೋಟೆಯೂರು ಯುದ್ಧದ ನಂತರ ಬಡತನದಿಂದ ಬರಿದಾಗುತ್ತಿತ್ತು. ಬಿಯೊಂದಿ ಸಾಂತಿ ಮನೆತನ ಹತ್ತೊಂಬತ್ತನೆಯ ಶತಮಾನದಲ್ಲೇ ಶುರುಮಾಡಿದ ಬ್ರುನೆಲ್ಲೊ ಮದ್ಯಕ್ಕೆ 1966ರಲ್ಲಿ ಸರಕಾರದ ಮೂಲಸ್ಥಳ ಮುದ್ರೆ ಸಿಕ್ಕಿತು, 1980ರಲ್ಲಿ ಅತಿ ಮೇಲಿನ ದರ್ಜೆ. ಇಂದು ಅಲ್ಲಿ ಒಂದೊಂದು ಎಕರೆ ತೋಟದ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಹಳ್ಳಿಮನೆಯಲ್ಲಿ ಅತಿಥಿಗಳನ್ನಿಟ್ಟುಕೊಳ್ಳುವುದಕ್ಕೆ 1985ರಲ್ಲಿ ಕಾನೂನೇ ಆಯಿತು. ಕುಸಿದ ಸೂರುಗಳು ಮತ್ತೆ ಎದ್ದವು. ಇದನ್ನೆಲ್ಲ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ದ್ರಾಕ್ಷಿ ಕೊಯ್ಲಿನ ಸೆಪ್ಟೆಂಬರಿನಲ್ಲಿ ಆ ಸಾಲುಗಳ ನಡುವೆ ಬಾಗಿದವರಲ್ಲಿ ಬಹಳ ಮಂದಿ ಬೇರೆ ದೇಶಗಳಿಂದ ಬಂದ ಕೂಲಿಗಳು. ಬಾಟಲಿಯ ಚೀಟಿಯ ಮೇಲೆ ಇರುವುದು ಮನೆತನದ ಲಾಂಛನ, ಹಳೆಯ ಕೋಟೆ, ಸೈಪ್ರೆಸ್. ಇನ್ನೊಬ್ಬರ ದುಡಿಮೆಯನ್ನು ಕಾಣಿಸದೆ ಇಡುವ ಹಳೆಯ ರೂಢಿ ಹೊಸ ಸಿರಿಯೊಳಗೂ ಮುಂದುವರಿದಿದೆ.

ಸಾನ್ ಕ್ವಿರಿಕೊ ಎಂಬ ಊರಿನಿಂದ ಪಿಯೆಂಜಾಕ್ಕೆ ಹೋಗುವ ದಾರಿಯಲ್ಲಿ, ಎರಡು ಬದಿಗೂ ಸೈಪ್ರೆಸ್ ನಿಂತ ವಿತಾಲೆತಾ ಗುಡಿಯ ಫೋಟೊ ತೆಗೆಯದವರಿಲ್ಲ. ಮಧ್ಯಯುಗದ್ದೆಂದು ಎಲ್ಲರೂ ನಂಬುವ ಆ ಮುಖಭಾಗವನ್ನು 1884ರಲ್ಲಿ ಜುಸೆಪ್ಪೆ ಪಾರ್ತಿನಿ ಎಂಬ ವಾಸ್ತುಶಿಲ್ಪಿ ಹೊಸದಾಗಿ ಕಟ್ಟಿದ. ಪಿಯೆಂಜಾ ಊರಂತೂ ಪೂರಾ ಒಬ್ಬನ ಮನಸ್ಸಿನಿಂದ ಎದ್ದದ್ದು. ಕೊರ್ಸಿಞಾನೊ ಎಂಬ ಹಳ್ಳಿಯಲ್ಲಿ 1405ರಲ್ಲಿ ಹುಟ್ಟಿದ ಎನೇಯಾ ಸಿಲ್ವಿಯೊ ಪಿಕ್ಕೊಲೊಮಿನಿ 1458ರಲ್ಲಿ ಎರಡನೆಯ ಪಿಯಸ್ ಎಂಬ ಹೆಸರಿನಲ್ಲಿ ಪೋಪ್ ಆದ. ಮರುವರ್ಷವೇ ಬೆರ್ನಾರ್ದೊ ರೊಸ್ಸೆಲ್ಲಿನೊನನ್ನು ಕರೆಸಿ ಹುಟ್ಟೂರಿನ ನಡುಭಾಗವನ್ನು ಚರ್ಚು, ಅರಮನೆ, ಚೌಕಗಳ ಸಮೇತ ಹೊಸದಾಗಿ ಕಟ್ಟಿಸಿದ. ಅರಮನೆಯ ಹಿಂಬದಿಗೆ ಮೂರಂತಸ್ತಿನ ಕಂಬಸಾಲೆ. ಅದು ಇರುವುದೇ ಎದುರಿನ ಅಮಿಯಾತಾ ಬೆಟ್ಟವನ್ನೂ ಕಣಿವೆಯನ್ನೂ ನೋಡುವುದಕ್ಕೆ. ನೆಲವನ್ನು ನೋಟವಾಗಿ ಕಟ್ಟು ಹಾಕಿಸುವ ಅಭ್ಯಾಸಕ್ಕೆ ಇದಕ್ಕಿಂತ ಸ್ಪಷ್ಟ ಮೊದಲು ಸಿಗಲಾರದು. ತನ್ನ ಚರ್ಚಿನ ಬಿಳಿ ಗೋಡೆಗಳ ಮೇಲೆ ಯಾರೂ ಚಿತ್ರ ಬರೆಯಕೂಡದು, ರೂಪ ಬದಲಿಸಕೂಡದು ಎಂದು ಪಿಯಸ್ 1462ರಲ್ಲಿ ಶಾಸನವನ್ನೇ ಹೊರಡಿಸಿದ. ಜೇಡಿಮಣ್ಣು ಶಾಸನಕ್ಕೆ ಬಗ್ಗಲಿಲ್ಲ, ಚರ್ಚಿನ ಹಿಂಭಾಗ ಇಳಿಜಾರಿನತ್ತ ಜಗ್ಗಿ ಬಿರುಕು ಬಿಟ್ಟಿದೆ. ಆ ಕಂಬಸಾಲೆಯಿಂದ ನೀಲಿಯಾಗಿ, ಶಾಂತವಾಗಿ ಕಾಣುವ ಅಮಿಯಾತಾದ ಮೈಯಲ್ಲಿ 1970ರ ದಶಕದವರೆಗೂ ಪಾದರಸದ ಗಣಿಗಳಿದ್ದವು ಎಂಬುದು ಅಲ್ಲಿಂದ ಕಾಣುವುದಿಲ್ಲ.

ಪಿಯೆಂಜಾದ ಬೀದಿಗೆ ಕಾಲಿಟ್ಟರೆ ಮೂಗಿಗೆ ಬಡಿಯುವುದು ಕುರಿಹಾಲಿನ ಪೆಕೊರೀನೊ ಚೀಸ್. ಅಂಗಡಿಯ ಹಲಗೆಗಳ ಮೇಲೆ ಗಾಲಿಗಳಂತೆ ಜೋಡಿಸಿಟ್ಟ ಅದರ ಸಿಪ್ಪೆ ಒಂದರದು ಟೊಮೆಟೊ ಸವರಿ ಕೆಂಪು, ಇನ್ನೊಂದರದು ಬೂದಿ ಮೆತ್ತಿ ಕಪ್ಪು, ಮತ್ತೊಂದು ಅಕ್ರೋಟಿನ ಎಲೆಯಲ್ಲಿ ಸುತ್ತಿಕೊಂಡಿದೆ. ನೆಲದ ಗುಣವೇ ಗಟ್ಟಿಯಾಗಿ ಕೂತಂತಿರುವ ಈ ಚೀಸಿನ ಹಿಂದಿನ ಕಥೆ ಮಾತ್ರ ವಲಸೆಯದು. ಒಕ್ಕಲುಗಳು ಬಿಟ್ಟುಹೋದ ಜಮೀನು ಅಗ್ಗಕ್ಕೆ ಸಿಗುತ್ತಿದ್ದ 1960ರ ದಶಕದಲ್ಲಿ ಸಾರ್ಡಿನಿಯಾ ದ್ವೀಪದ ಕುರುಬರು ಹಿಂಡು ಸಮೇತ ಹಡಗು ಹತ್ತಿ ಇಲ್ಲಿಗೆ ಬಂದರು. ಇಂದು ಪಿಯೆಂಜಾದ ಹೆಸರು ಹೊತ್ತ ಚೀಸಿಗೆ ಹಾಲು ಕೊಡುವುದು ಬಹುಮಟ್ಟಿಗೆ ಸಾರ್ಡಿನಿಯಾ ತಳಿಯ ಕುರಿಗಳೇ, ಹಲವು ಕಡೆ ಅದನ್ನು ಮಾಡುವವರೂ ಆ ಕುಟುಂಬಗಳವರೇ. ಇದರಿಂದ ಚೀಸ್ ಖೋಟಾ ಆಗುವುದಿಲ್ಲ. ಸೆಪ್ಟೆಂಬರಿನ ಚೀಸ್ ಜಾತ್ರೆಯಲ್ಲಿ ಚೌಕದ ನಡುವೆ ನೆಟ್ಟ ಕದಿರಿನ ಸುತ್ತ ಅದೇ ಗಾಲಿಗಳನ್ನು ಉರುಳಿಸಿ ಊರವರು ಪಂದ್ಯವಾಡುತ್ತಾರೆ. ಆದರೆ ಪ್ರವಾಸಿಗ ಇಲ್ಲಿಗೇ ಮೀಸಲು ಎಂದುಕೊಂಡು ಮೆಲ್ಲುವ ರುಚಿಯನ್ನು ಉಳಿಸಿಕೊಟ್ಟವರು ಹೊರಗಿನಿಂದ ಬಂದು ನೆಲ ಹಿಡಿದವರು ಎಂಬುದು ನನ್ನ ವಾದಕ್ಕೆ ಬೇಕಾದ ಸಂಗತಿ.

ಅಲ್ಲಿಂದ ಮುಂದೆ, ಲಾ ಫೋಚೆ ಎಸ್ಟೇಟಿನ ಎದುರು ಗುಡ್ಡವನ್ನು ಹಾವಿನಂತೆ ಸುತ್ತಿ ಏರುವ ಸೈಪ್ರೆಸ್ ದಾರಿಯಿದೆ. ಟಸ್ಕನಿ ಎಂದೊಡನೆ ಜಗತ್ತಿಗೆ ನೆನಪಾಗುವ ಚಿತ್ರಗಳಲ್ಲಿ ಇದೂ ಒಂದು. ಇದಕ್ಕೆ ನೂರು ವರ್ಷದಷ್ಟೇ ಪ್ರಾಯ. ಲೇಖಕಿ ಐರಿಸ್ ಒರಿಗೊ ಮತ್ತು ಗಂಡ ಅಂತೋನಿಯೊ 1920ರ ದಶಕದಲ್ಲಿ ಬೋಳು ಜೇಡಿಯ ಈ ಎಸ್ಟೇಟನ್ನು ಕೊಂಡು, ಇಂಗ್ಲಿಷ್ ವಾಸ್ತುಶಿಲ್ಪಿ ಸೆಸಿಲ್ ಪಿನ್‌ಸೆಂಟನನ್ನು ಕರೆಸಿ ತೋಟ ಮಾಡಿಸಿದರು, ಸಿಯೆನಾದ ಹಳೆಯ ಚಿತ್ರಗಳಲ್ಲಿ ಕಾಣುವಂಥ ದಾರಿಯನ್ನು ನೆಲದ ಮೇಲೆ ಎಳೆದರು. ಒಕ್ಕಲುಮಕ್ಕಳಿಗೆ ಶಾಲೆ, ಆಸ್ಪತ್ರೆ ಕಟ್ಟಿಸಿದರು. ಯುದ್ಧಕಾಲದಲ್ಲಿ ನಿರಾಶ್ರಿತ ಮಕ್ಕಳಿಗೆ ಮನೆಯ ಬಾಗಿಲು ತೆರೆದರು, 1944ರ ಜೂನಿನಲ್ಲಿ ಆ ಮಕ್ಕಳನ್ನು ಶೆಲ್ ಬೀಳುತ್ತಿದ್ದ ದಾರಿಯಲ್ಲಿ ಮೊಂತೆಪುಲ್ಚಾನೊದವರೆಗೂ ನಡೆಸಿಕೊಂಡು ಹೋದರು. ಐರಿಸ್ ಅವರ ಆ ದಿನಗಳ ದಿನಚರಿ 1947ರಲ್ಲಿ ಪುಸ್ತಕವಾಗಿ ಬಂತು. ಇಷ್ಟು ಒಳ್ಳೆಯ ಧಣಿಗಳಿದ್ದೂ ಎಸ್ಟೇಟಿನ ಐವತ್ತಕ್ಕೂ ಹೆಚ್ಚು ಒಕ್ಕಲುಮನೆಗಳು ನಡೆದದ್ದು ಅದೇ ಪಾಲಿನ ಲೆಕ್ಕದಲ್ಲಿ. ಧಣಿಯ ಒಳ್ಳೆಯತನ ಏರ್ಪಾಡಿನ ಲೋಪಕ್ಕೆ ಪರಿಹಾರವಾಗುವುದಿಲ್ಲ.

ಹಾಗಿದ್ದರೆ, ಎಲ್ಲ ಭೂದೃಶ್ಯವೂ ಮನುಷ್ಯರು ಮಾಡಿದ್ದೇ, ಚೆಂದ ಚೆಂದವೇ, ಮಾಡಿದವರ ಜಾತಕ ಏಕೆ ಎಂದು ಕೇಳಬಹುದು. ಇದು ಹೆಚ್ಚು ತೂಕದ ಆಕ್ಷೇಪ. ಬರೇ ನೋಡಿ ಹೋಗುವುದಾದರೆ ಜಾತಕ ಬೇಡ, ನಿಜ. ಕಾಪಾಡುವ ಮಾತು ಬಂದಾಗ ಬೇಕಾಗುತ್ತದೆ. ಇಟಲಿಯ ಸಂವಿಧಾನದ ಒಂಬತ್ತನೆಯ ವಿಧಿ ದೇಶದ ಭೂದೃಶ್ಯವನ್ನು ಕಾಪಾಡುವ ಹೊಣೆಯನ್ನು ಗಣರಾಜ್ಯಕ್ಕೇ ಹೊರಿಸಿದೆ. ಅದಿಲ್ಲದಿದ್ದರೆ ಕಣಿವೆ ಈಗಿರುವಂತೆ ಇರುತ್ತಿರಲಿಲ್ಲ. ಆದರೆ ಕಾಪಾಡುವುದು ಯಾವುದನ್ನು? ಪಿಯೆಂಜಾದ ಪಕ್ಕದ ಮೊಂತಿಕ್ಯೆಲ್ಲೊ ಎಂಬ ಪುಟ್ಟ ಕೋಟೆಹಳ್ಳಿಯಲ್ಲಿ ಈ ಪ್ರಶ್ನೆ 2006ರಲ್ಲಿ ಬಯಲಿಗೆ ಬಂತು. ಕೋಟೆಗೋಡೆಯ ಕೆಳಗೆ ಹೊಸ ಮನೆಗಳ ಬಡಾವಣೆ ಏಳುತ್ತಿತ್ತು. ಅದೇ ಹಳ್ಳಿಯಲ್ಲಿ ಮನೆ ಮಾಡಿಕೊಂಡಿದ್ದ ಸಾಹಿತ್ಯ ಚರಿತ್ರಕಾರ ಆಲ್ಬೆರ್ತೊ ಅಸೋರ್ ರೋಜಾ ‘ಲಾ ರೆಪುಬ್ಲಿಕಾ’ ಪತ್ರಿಕೆಯಲ್ಲಿ ಅದನ್ನು ಖಂಡಿಸಿ ಬರೆದರು, ದೇಶವೇ ಮಾತಾಡಿತು. ಆ ಬಡಾವಣೆ ಚೆಂದವಿಲ್ಲ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಅಂಥ ಮನೆಗಳು ಕೊನೆಗೆ ರಜೆಗೆ ಬರುವವರ ಕೈ ಸೇರುತ್ತವೆ ಎಂಬ ಅನುಮಾನವೂ ಬುಡವಿಲ್ಲದ್ದಲ್ಲ. ಆದರೂ ಕೋಟೆಯೊಳಗಿನ ಹಳೆಯ ಮನೆಗಳ ಬೆಲೆ ಊರಿನ ಮಕ್ಕಳ ಕೈಮೀರಿ ಹೋಗಿರುವಾಗ, ಹೊಸದಾಗಿ ಮದುವೆಯಾದವರು ಎಲ್ಲಿ ಇರಬೇಕು ಎಂಬ ಪ್ರಶ್ನೆಗೆ ನೋಟದ ಸೊಬಗು ಉತ್ತರವಾಗುವುದಿಲ್ಲ. ಈ ಕಣಿವೆಯ ರೂಪಕ್ಕೆ ಜನ ಅಲ್ಲಿ ವಾಸವಿದ್ದದ್ದೇ ಕಾರಣವಾದರೆ, ವಾಸವನ್ನು ಬಿಟ್ಟು ರೂಪವನ್ನಷ್ಟೇ ಕಾಯುವುದು ತಲೆಕೆಳಗಾದ ಕಾವಲು. ಹಂಪಿಯಲ್ಲಿ ನಾವೂ ಇದನ್ನು ಕಂಡಿದ್ದೇವೆ: 2011ರ ಜುಲೈಯಲ್ಲಿ ವಿರೂಪಾಕ್ಷ ಗುಡಿಯ ಎದುರಿನ ಬೀದಿಯ ಅಂಗಡಿ, ಮನೆಗಳನ್ನು ತೆರವು ಮಾಡಿದಾಗ ಮಂಟಪಗಳೇನೋ ಬಿಡಿಯಾಗಿ ಕಂಡವು, ಬಜಾರು ಬಜಾರಾಗಿ ಉಳಿಯಲಿಲ್ಲ. ಮಂಟಪಗಳಿಗೆ ಆಗುತ್ತಿದ್ದ ಹಾನಿಯೂ ನಿಜವೇ ಆಗಿತ್ತು ಎಂಬುದು ಈ ತಕರಾರನ್ನು ಸುಲಭಕ್ಕೆ ಮುಗಿಯಗೊಡುವುದಿಲ್ಲ.

ಮೊಂತಿಕ್ಯೆಲ್ಲೊದವರು ತಮ್ಮದೇ ಒಂದು ಜವಾಬನ್ನು ಇದಕ್ಕೂ ಮುಂಚೆಯೇ ಕೊಡತೊಡಗಿದ್ದರು. ಒಕ್ಕಲುಗಳು ಎದ್ದುಹೋಗಿ ಊರು ಬರಿದಾಗುತ್ತಿದ್ದ 1967ರಲ್ಲಿ ಶುರುವಾದ ‘ತೆಯಾತ್ರೊ ಪೊವೆರೊ’ ಎಂಬ ಅವರ ನಾಟಕ ಮಂಡಳಿಯಲ್ಲಿ ಬರೆಯುವವರೂ ಆಡುವವರೂ ಊರವರೇ. ಚಳಿಗಾಲವಿಡೀ ಸಭೆ ಸೇರಿ ವಾದಿಸಿ ಕಥೆ ಕಟ್ಟುತ್ತಾರೆ, ಬೇಸಿಗೆಯಲ್ಲಿ ಚೌಕದಲ್ಲೇ ಆಡುತ್ತಾರೆ. 1944ರ ಏಪ್ರಿಲಿನಲ್ಲಿ ಹಳ್ಳಿಯ ಬಳಿ ನಡೆದ ಕಾಳಗ, ಧಣಿಯ ಲೆಕ್ಕ, ಮುಚ್ಚಿದ ಅಂಗಡಿ, ಹೊರಗಿನವರು ಕೊಂಡ ಮನೆ, ಎಲ್ಲವೂ ವಸ್ತುವಾಗಿವೆ. ಮಂಡಳಿ ಬೆಳೆದು ಸಹಕಾರಿ ಸಂಘವಾಗಿ, ಊಟದ ಮನೆಯನ್ನೂ ಊರಿಗೆ ಬೇಕಾದ ಹಲವು ಸೇವೆಗಳನ್ನೂ ನಡೆಸುತ್ತಿದೆ. ಟಿಕೆಟ್ ಕೊಂಡು ಮುಂದಿನ ಸಾಲಿನಲ್ಲಿ ಕೂರುವವರಲ್ಲಿ ಆ ಮನೆಗಳನ್ನು ಕೊಂಡವರೂ ಬಾಡಿಗೆಗೆ ಹಿಡಿದವರೂ ಇರುತ್ತಾರೆ. ನಾಟಕ ಮುಗಿದ ಮೇಲೆ ಊಟಕ್ಕೆ ಉಳಿದರೆ, ತಟ್ಟೆಗೆ ಪೀಚಿ ಬಡಿಸುವವರು ಈಗಷ್ಟೇ ವೇದಿಕೆಯ ಮೇಲೆ ಅವರನ್ನು ಹಾಸ್ಯ ಮಾಡಿದವರೇ ಆಗಿರಬಹುದು.